ಏಳನೇ ಮನಿ

ತಾಲೂಕಾ ಆರೋಗ್ಯ ಅಧಿಕಾರಿ ಸಾಹೇಬರಿಗೆ,
ಬನಹಟ್ಟಿ ಮಂಗಳವಾರ ಪ್ಯಾಟಿಯ ಆಶಾ
ದಾನಮ್ಮ ಹಟಗಾರ ಬರಕೊಂಡ ಅರ್ಜಿ.

ನೀವು ಕೊಟ್ಟ ರಜಿಸ್ಟರಿನ್ಯಾಗ ಆರು ಮನಿ ಅದಾವ್ರಿ:
ಜ್ವರ, ಕೆಮ್ಮು, ದಮ್ಮು, ಬೆರಳಿಗೆ ಹಚ್ಚೋ ಮಶೀನಿನ ಅಂಕಿ,
ಗುಳಗಿ ಕೊಟ್ಟದ್ದು, ಷರಾ.
ಷರಾದ ಮನಿ ಭಾಳ ಸಣ್ಣದು.
"ಆರಾಮ" ಅಂತ ಬರದ್ರ ಜಾಗಾ ಮುಗೀತೈತಿ.

ಚನಮಲ್ಲಪ್ಪಗ ಜ್ವರ ಇಲ್ಲ. ಅಂಕಿ ತೊಂಬತ್ತೆಂಟು.
ಆರಾಮ, ಅಂತ ಬರದೆ.
ನಲವತ್ತು ವರ್ಷ ಪಾವರಲೂಮಿನ ಸಪ್ಪಳದಾಗ ಮಲಗಿದ ಮನಷ್ಯಾ
ಮಗ್ಗ ನಿಂತ ಮ್ಯಾಲ
ಕಿವ್ಯಾಗ ಯಾರೋ ಮಾತಾಡ್ತಾರ ಅಂತಾನ.
ನಡುರಾತ್ರಿ ಎದ್ದು ಮಗ್ಗದ ಗಾಲಿ ಕೈಲೆ ತಿರವತಾನ.
ನೂಲಿಲ್ಲ, ಕರೆಂಟಿಲ್ಲ,
ಬರೇ ಆ ಸಪ್ಪಳ ಬೇಕಂತ.
ಹೆಂಡತಿ ನಕ್ಕೊಂತ ಹೇಳಿದ್ಲು,
ನಗುವಾಗ ಸೆರಗು ಬಾಯಾಗ ತುರಕೊಂಡಿದ್ಲು.

ದಸ್ತಗೀರ, ಆಂಬುಲೆನ್ಸಿನ ಡ್ರೈವರ್ ರೀ, ನಿಮ್ಮ ಮಂದೀನ,
ಸೋಪು ಹಚ್ಚಿ ಹಚ್ಚಿ ಅವನ ಬೆರಳ ಸಂದಿ ಬೆಳ್ಳಗಾಗ್ಯಾವ.
ಹದಿನೇಳು ಮಂದೀನ ಜಮಖಂಡಿಗೆ ಒಯ್ದಾನ.
ಹನ್ನೊಂದು ಮಂದಿ ತಿರುಗಿ ಬಂದ್ರು.
"ಆರು ಮಂದಿ ಇನ್ನೂ ಹಿಂದ ಕುಂತಾರ, ಅಕ್ಕಾ" ಅಂದ.
ಕನ್ನಡಿ ಹೊಳ್ಳಿಸಿಟ್ಟಾನ.
ಅವಗ ನಾವು ಚಪ್ಪಾಳಿ ಹೊಡದ್ವಿ, ಮಾಲಿ ಹಾಕಿದ್ವಿ,
ಎದುರು ಕುಂತು ಉಣ್ಣವರು ಮಾತ್ರ ಯಾರೂ ಬರಲಿಲ್ಲ.

ಇವಗೊಬ್ಬ ಡಾಕ್ಟರ್ ಬೇಕ್ರಿ ಅಂತ ಫೋನ್ ಹಚ್ಚಿದೆ.
"ಧಾರವಾಡಕ್ಕ ಕಳಸ್ರಿ" ಅಂದ್ರು.

ಸಾಹೇಬರ, ನೀವು ಈ ಕಡೆಯವರಲ್ಲ, ಗೊತ್ತಿರಲಿಕ್ಕಿಲ್ಲ.
ನಮ್ಮಲ್ಲಿ ಧಾರವಾಡ ಅಂದ್ರ ಊರಲ್ಲ,
ಪೇಢೆ ಅಲ್ಲ, ಕಾಲೇಜಲ್ಲ,
ಬೈಗಳ.
ಕೂಸು ಹಟ ಹಿಡದ್ರ "ಧಾರವಾಡದಾಗ ಬಿಟ್ಟ ಬರ್ತೀನಿ ನೋಡ".
ಸೊಸಿ ಎರಡು ದಿನ ಮಾತು ಬಿಟ್ರ ಅತ್ತೀ ಬಾಯಾಗ ಅದ.
ಒಮ್ಮೆ ಆ ಬಸ್ಸು ಹತ್ತಿದವರ ಮನಿಗೆ ಹೆಣ್ಣು ಕೊಡೂದಿಲ್ಲ.
ಈಗಂತೂ ಬಸ್ಸೂ ಇಲ್ಲ.
ಇದ್ದಿದ್ರೂ, ಬೈಗಳಕ್ಕ ತಿಕೀಟು ತಗೀತಿದ್ನೇನ್ರಿ ದಸ್ತಗೀರ?

ಒಂದು ನಂಬರ್ ಕೊಟ್ಟೀರಿ, ಹೌದು. ಹಚ್ಚಿ ನೋಡಿದೆ.
ಒಂದು ಒತ್ತಿ, ಎರಡು ಒತ್ತಿ ಅಂತಾಳ ಒಬ್ಬಾಕಿ.
ಚನಮಲ್ಲಪ್ಪ ಯಾವುದು ಒತ್ತಬೇಕು?

ಅದಕ್ಕ ನನ್ನ ಬೇಡಿಕಿ:
ಸೂಜಿ ಮಾಡೂ ಖೋಲಿ ಬಾಜೂಕ ಒಂದು ಖೋಲಿ.
ವಾರಕ್ಕೆರಡು ದಿನ, ಕಲಿತವರೊಬ್ಬರು.
ಎರಡು ಕುರ್ಚಿ, ಎರಡೂ ಒಂದ ಎತ್ತರದ್ದು.
ಬಿ.ಪಿ. ಗುಳಗಿ ಕೊಡೂ ಕಿಡಕ್ಯಾಗ ಈ ಗುಳಗೀನೂ ಸಿಗಲಿ.
ಬಾಗಲಕ್ಕ ಬೋರ್ಡು ಬ್ಯಾಡ.
ಅಲ್ಲ, ತಡೀರಿ, ಇರ್ಲಿ.
ದೊಡ್ಡ ಅಕ್ಷರದಾಗ ಇರ್ಲಿ. ಎಷ್ಟಂತ ಮುಚ್ಚೂದು?

ನಿನ್ನೆ ನಾನ ಸ್ಕೇಲ್ ಇಟ್ಟು
ಷರಾದ ಆಚೆ ಒಂದು ಗೆರಿ ಹೊಡದೆ. ಏಳನೇ ಮನಿ ಆತು.
ಮ್ಯಾಲ ಏನು ಬರೀಬೇಕು ತಿಳೀಲಿಲ್ಲ.
ನಿಮ್ಮ ಟ್ರೇನಿಂಗಿನ ಶಬ್ದ ಇಲ್ಲಿ ಯಾರಿಗೂ ತಿಳಿಯಂಗಿಲ್ಲ,
ಇಲ್ಲಿಯ ಶಬ್ದ ಒಂದ: ಹುಚ್ಚು.
"ನಿದ್ದಿ" ಅಂತ ಬರದೆ.
ನಿದ್ದಿ ಬಂತೇನ್ರಿ ಅಂದ್ರ ಯಾರೂ ಸಿಟ್ಟಾಗೂದಿಲ್ಲ.

ಅರವತ್ತೆರಡು ಮನಿ ತಿರಗಿದೆ.
ಇಲ್ಲ ಅಂದವರು ನಲವತ್ತೊಂದು.
ಜ್ವರಕ್ಕ ಅರ್ಧ ಬಾಗಲಾ ತಗೀತಿದ್ದವರು
ಪೂರಾ ತಗದು, ಆರು ಫೂಟು ದೂರ ಕಟ್ಟಿ ಮ್ಯಾಲ ಕುಂತು
ಹೇಳಾಕ ಹತ್ತಿದ್ರು.
ಗುಳಗಿ ಚೀಲ ಹಂಗ ಇತ್ತು. ಹೊತ್ತು ಮುಳಗಿತು.

ಕಡೀ ಮನ್ಯಾಗ ಮೈಮೂನಾಬಿ, ಮಗನ ಚಾದರ ಮಡಚಿ ಇಟ್ಟು,
ನನ್ನ ಮುಖಾ ನೋಡಿ ಕೇಳಿದ್ಲು:
"ನಿಂಗ ಬಂತೇನ ಯವ್ವಾ?"

ಅರವತ್ತಮೂರನೇ ಸಾಲು ಖಾಲಿ ಬಿಟ್ಟೀನ್ರಿ.

ತಾ.ಕ.: ಹೊಸಾ ರಜಿಸ್ಟರ್ ಛಾಪಿಸುವಾಗ
ಆ ಮನಿ ತುಸು ಅಗಲ ಇರ್ಲಿ.